ಪರದೆಯ ಮೇಲಿನ ಸಾಕ್ಷಿ

1978ರಲ್ಲಿ ಜಪಾನಿನ ಟೈಟೋ ಕಂಪನಿ ಹೊರತಂದ ಸ್ಪೇಸ್ ಇನ್ವೇಡರ್ಸ್ ಆರ್ಕೇಡ್ ಆಟದ ಸರ್ಕಿಟ್ ಬೋರ್ಡ್ ರಿಪೇರಿಯಲ್ಲಿ ಕೈಚಳಕಕ್ಕಿಂತ ತರ್ಕದ ಪಾಲೇ ದೊಡ್ಡದು. ಆಟದ ಚಿತ್ರ ನೇರವಾಗಿ ಮೆಮೊರಿಯಲ್ಲೇ ಕೂತಿರುತ್ತದೆ, ಒಂದೊಂದು ಬೈಟಿಗೆ ಎಂಟೆಂಟು ಚುಕ್ಕೆ. ಆ ಎಂಟು ಬಿಟ್‌ಗಳನ್ನು ಎಂಟು ಬೇರೆ ಬೇರೆ ಚಿಪ್‌ಗಳು ಹಿಡಿದಿಟ್ಟುಕೊಳ್ಳುವುದರಿಂದ, ಒಂದು ಕೆಟ್ಟರೆ ಪರದೆಯ ಒಂದು ಭಾಗದಲ್ಲಿ ಎಂಟೆಂಟು ಚುಕ್ಕೆಗೊಂದರಂತೆ ಗೆರೆ ಮೂಡುತ್ತದೆ. ಗೆರೆಯ ಜಾಗ ನೋಡಿದರೆ ಬೆಸುಗೆ ಬಿಡಿಸಬೇಕಾದ ಚಿಪ್ ಯಾವುದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಎಷ್ಟು ಚೆಂದದ ಸಾಕ್ಷಿ! ಆದರೆ ಅದಕ್ಕೂ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಬೋರ್ಡಿನ ಇಂಟೆಲ್ 8080 ಪ್ರೊಸೆಸರಿಗೆ +5, +12, −5 ಮೂರೂ ವೋಲ್ಟೇಜ್ ಬೇಕು. −5 ತಪ್ಪಿ ಉಳಿದೆರಡೇ ಬಂದರೆ ಚಿಪ್ಪೇ ಸುಟ್ಟುಹೋಗಬಹುದು. ಅವಸರದ ರಿಪೇರಿ ಒಂದು ದೋಷವನ್ನು ಎರಡಾಗಿಸುವುದು ಹೀಗೆ.

ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಮೇಮ್ ಎಮ್ಯುಲೇಟರ್ 1997ರಿಂದಲೇ ಇರುವಾಗ ಇಷ್ಟು ಪಾಡೇಕೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಎಷ್ಟೋ ಆಟಗಳು ಇಂದು ಆಡಲು ಸಿಗುವುದೇ ಅದರಿಂದ. ಆದರೆ ರೋಮ್ (ROM) ಚಿಪ್ಪಿನ ಪ್ರೋಗ್ರಾಂ ನಕಲಿಸಿದ ಮಾತ್ರಕ್ಕೆ ಸದ್ದು ಬರುವುದಿಲ್ಲ. ಶತ್ರುಪಡೆ ಹೆಜ್ಜೆ ಹಾಕುವ ಆ ಧಡ್ ಧಡ್ ಹುಟ್ಟುವುದು ಟ್ರಾನ್ಸಿಸ್ಟರ್, ಕೆಪಾಸಿಟರ್‌ಗಳ ಅನಲಾಗ್ ಸರ್ಕಿಟ್ಟಿನಲ್ಲಿ. ಮೇಮ್ ಬಹುಕಾಲ ಅದರ ಧ್ವನಿಮುದ್ರಣವನ್ನೇ ನುಡಿಸುತ್ತಿತ್ತು. ಅಳೆದು ಅನುಕರಿಸಬೇಕೆಂದರೂ ಸರಿಯಾಗಿ ನಡೆಯುವ ಬೋರ್ಡೊಂದು ಎದುರಿಗಿರಬೇಕಲ್ಲ. ಇನ್ನು, ಬೇರೆ ಚಿಪ್ ಹಾಕಿದರೆ ಅಸಲಿತನ ಹೋಯಿತು ಎನ್ನುವವರಿದ್ದಾರೆ. ಬೋರ್ಡಿಗೆ ಮೊದಲು ಸಾಕೆಟ್ ಕೂರಿಸಿ, ಅದರಲ್ಲಿ ಚಿಪ್ ಸಿಕ್ಕಿಸಿದರೆ, ಮುಂದೆ ಅಸಲಿ ಚಿಪ್ ಸಿಕ್ಕವರು ತಾಮ್ರದ ಟ್ರ್ಯಾಕಿಗೆ ಬಿಸಿ ತಾಗಿಸದೆ ಅದನ್ನು ಬದಲಿಸಬಹುದು.