ಪಾಠಕ್ರಮ ಪರಿವರ್ತನೆಯ ವಿಚಾರ

ಶಾಸ್ತ್ರಗ್ರಂಥದ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪೂರ್ವಾಚಾರ್ಯರ ಸಂಪ್ರದಾಯ. ವಿಶ್ವವಿದ್ಯಾನಿಲಯದ ಪಾಠಕ್ರಮವನ್ನೂ ಇದೇ ನಿಕಷಕ್ಕೆ ಒಡ್ಡುವುದು ಯುಕ್ತವಾಗಿದೆ.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ. 1929ರಲ್ಲಿ ಅದನ್ನು ಮುಗಿಸಿದ ಕುವೆಂಪು ಅವರು ಆ ವರ್ಷವೇ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಬೀಜವು ಫಲಿಸಿ ಮತ್ತೆ ಬೀಜವಾಗುವುದಕ್ಕೆ ಅಲ್ಲಿ ಅವಕಾಶವಿದ್ದಿತು.

ಇದಕ್ಕೆ ವಿಪರೀತವಾದ ನಿದರ್ಶನವೂ ಉಂಟು. ರಾಷ್ಟ್ರೀಯ ಶಿಕ್ಷಣನೀತಿಯನ್ನನುಸರಿಸಿ 2021ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷಗಳ ಪದವಿಕ್ರಮವು ಜಾರಿಗೆ ಬಂದಿತು. ಒಂದು ತಂಡವಾದರೂ ನಾಲ್ಕನೆಯ ವರ್ಷವನ್ನು ಪೂರೈಸುವ ಮೊದಲೇ, 2024ರಲ್ಲಿ, ಹೊಸದಾಗಿ ಸೇರುವವರಿಗೆ ಮೂರು ವರ್ಷಗಳ ಕ್ರಮವೇ ಮರಳಿ ವಿಹಿತವಾಯಿತು. ಫಲವನ್ನು ಕಾಣದೆ ಪ್ರಯೋಜನವನ್ನು ನಿರ್ಣಯಿಸುವುದೆಂತು?

ಕಾಲಕ್ಕೆ ತಕ್ಕಂತೆ ವಿದ್ಯೆಯೂ ಮಾರ್ಪಡಬೇಕೆಂಬ ಪೂರ್ವಪಕ್ಷವು ಅಂಗೀಕಾರ್ಯವೇ. ಆದರೆ ಅಧಿಕಾರಿಯಾದ ವಿದ್ಯಾರ್ಥಿಯನ್ನು ಮರೆಯಲಾಗದು. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲಗಳ ಶಾಸನಗಳನ್ನು ರೈಸ್ ಮಹಾಶಯರು 1894 ಮತ್ತು 1898ರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಪ್ರಕಟಿಸಿದರು. ಬೆಳಗೊಳದ ವಿದ್ಯಾರ್ಥಿಗೆ ಅವು ನೆರೆಹೊರೆಯ ಗ್ರಂಥಗಳು. ಅವುಗಳನ್ನು ಓದಲು ಹಳಗನ್ನಡದ ವ್ಯಾಕರಣ, ಬಳಿಕ ಛಂದಸ್ಸು, ಬಳಿಕ ಕಾವ್ಯ ಎಂಬ ಸೋಪಾನವು ಬೇಕು. ವರ್ಷಗಳ ಎಣಿಕೆ ಬದಲಾದಾಗಲೆಲ್ಲ ಒಂದೊಂದು ಮೆಟ್ಟಿಲು ಕಳಚುವುದಾದರೆ, ಮನೆಯ ಮುಂದಿನ ಕಲ್ಲೇ ಅವನಿಗೆ ಮೂಕವಾಗುವುದು.

ಆದುದರಿಂದ ಒಂದು ತಂಡವು ಆದ್ಯಂತವಾಗಿ ಓದಿ ಮುಗಿಸಿದ ಮೇಲೆ, ಅದಕ್ಕೆ ಪಾಠ ಹೇಳಿದವರನ್ನು ವಿಚಾರಿಸಿಯೇ ಪಾಠಕ್ರಮವನ್ನು ತಿದ್ದತಕ್ಕದ್ದೆಂಬುದು ಸಿದ್ಧಾಂತ.