ಮೂವತ್ತುಮೂರು ಪುಟಗಳ ಪತ್ರ: ಆಟಿಸಂ ಚರಿತ್ರೆಯ ಮೂರು ಬರಹಗಳ ವಿಮರ್ಶೆ

ಚರಿತ್ರೆಯ ವ್ಯಾಸಂಗದಲ್ಲಿ ತೊಡಗಿದವನು ಮೊದಲು ಕಲಿಯುವ ಪಾಠವೆಂದರೆ ಆಕರದಲ್ಲಿ ಕಂಡದ್ದನ್ನೂ ಅದರಿಂದ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಡುವುದು. ಶಾಸನದ ಕಲ್ಲಿನಲ್ಲಿರುವ ಅಕ್ಷರ ಒಂದು. ಅದು ಸವೆದುಹೋದ ಕಡೆಯಲ್ಲಿ ಪಂಡಿತನು ತುಂಬಿಕೊಟ್ಟ ಅಕ್ಷರ ಮತ್ತೊಂದು. ಎರಡನೆಯದನ್ನು ಕಂಸದೊಳಗೆ ಬರೆಯುವುದು ನಮ್ಮ ಶಾಸ್ತ್ರದ ಮರ್ಯಾದೆ. ಈ ಮರ್ಯಾದೆಯನ್ನು ಮೀರಿದರೆ ನಮ್ಮಲ್ಲಿ ಹೆಚ್ಚೆಂದರೆ ಒಬ್ಬ ಅರಸನ ಕಾಲನಿರ್ಣಯ ತಪ್ಪೀತು. ಮಕ್ಕಳನ್ನು ಕುರಿತ ಬರಹಗಳಲ್ಲಿ ಅದನ್ನು ಮೀರಿದರೆ ಏನಾಗುತ್ತದೆಂಬುದಕ್ಕೆ ಆಟಿಸಂನ ಚರಿತ್ರೆಯೇ ಸಾಕ್ಷಿ. ಅಲ್ಲಿ ಊಹೆಯು ಕಂಸವನ್ನು ದಾಟಿ ಹೊರಬಂದು ಪ್ರಮಾಣದ ವೇಷವನ್ನು ತೊಟ್ಟಿತು. ಎಷ್ಟೋ ಮಂದಿ ತಾಯಂದಿರು ತಮ್ಮ ಮಕ್ಕಳ ಸ್ಥಿತಿಗೆ ತಾವೇ ಕಾರಣರೆಂಬ ಅಪವಾದವನ್ನು ಹೊರಬೇಕಾಯಿತು.

ಆಟಿಸಂ ಎಂಬುದನ್ನು ಈಚೆಗೆ ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯುವುದುಂಟು. ಎಳವೆಯಲ್ಲಿಯೇ ತೋರಿಕೊಳ್ಳುವ ಈ ಸ್ಥಿತಿಯಲ್ಲಿ ಮಗುವು ಇತರರೊಡನೆ ಬೆರೆಯುವ ರೀತಿ, ಮಾತನ್ನು ಬಳಸುವ ರೀತಿ ಬೇರೆಯಾಗಿರುತ್ತವೆ. ಇದ್ದದ್ದು ಇದ್ದಂತೆಯೇ ಇರಬೇಕೆಂಬ ಹಟ, ಒಂದೇ ವಿಷಯದಲ್ಲಿ ನೆಟ್ಟ ಮನಸ್ಸು ಅನೇಕ ಮಕ್ಕಳಲ್ಲಿ ಕಾಣುತ್ತವೆ. ಪ್ರಕೃತ ನಾವು ಪರಿಶೀಲಿಸಹೊರಟಿರುವುದು ಮೂರು ಬರಹಗಳನ್ನು: ಲಿಯೋ ಕ್ಯಾನರ್ ಅವರು ೧೯೪೩ರಲ್ಲಿ ಪ್ರಕಟಿಸಿದ ಪ್ರಬಂಧ, ಬ್ರೂನೋ ಬೆಟಲ್‌ಹೈಮ್ ಅವರ ೧೯೬೭ರ 'ದಿ ಎಂಪ್ಟಿ ಫೋರ್ಟ್ರೆಸ್' ಎಂಬ ಗ್ರಂಥ, ಮತ್ತು ಕ್ಯಾನರ್ ಅವರೇ ೧೯೭೧ರಲ್ಲಿ ಬರೆದ ಮರುಪರಿಶೀಲನೆ. ನಾವು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಆಕರಗಳನ್ನು ಒರೆಗೆ ಹಚ್ಚುವುದಷ್ಟೇ ನಮ್ಮ ಅಧಿಕಾರ. ಇಲ್ಲಿ ಅದನ್ನು ಮೀರುವುದಿಲ್ಲ.

ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಕ್ಯಾನರ್ ಅವರು ತಮ್ಮ ಪ್ರಬಂಧದಲ್ಲಿ ಹನ್ನೊಂದು ಮಕ್ಕಳನ್ನು ವರ್ಣಿಸಿದ್ದಾರೆ. ಎಂಟು ಗಂಡು, ಮೂರು ಹೆಣ್ಣು. ಮೊದಲನೆಯವನು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಊರಿನ ಡೊನಾಲ್ಡ್. ೧೯೩೮ರ ಅಕ್ಟೋಬರಿನಲ್ಲಿ ಅವನನ್ನು ಬಾಲ್ಟಿಮೋರಿಗೆ ಕರೆತರುವುದಕ್ಕೆ ಮುಂಚೆಯೇ ವಕೀಲನಾಗಿದ್ದ ತಂದೆ ಮೂವತ್ತುಮೂರು ಪುಟಗಳಷ್ಟು ದೀರ್ಘವಾದ ಪತ್ರವೊಂದನ್ನು ವೈದ್ಯರಿಗೆ ಬೆರಳಚ್ಚು ಮಾಡಿಸಿ ಕಳುಹಿಸಿದ್ದರು. ಮಗುವು ಒಂದು ವರ್ಷದ ಹೊತ್ತಿಗೆ ಅನೇಕ ಧಾಟಿಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದುದು, ಮುಖಗಳನ್ನೂ ಹೆಸರುಗಳನ್ನೂ ನೆನಪಿನಲ್ಲಿಡುತ್ತಿದ್ದುದು, ದುಂಡಗಿನ ವಸ್ತುಗಳನ್ನು ತಿರುಗಿಸುವುದರಲ್ಲಿ ಮೈಮರೆಯುತ್ತಿದ್ದುದು, ತನ್ನಷ್ಟಕ್ಕೆ ತಾನೇ ಇರುವಾಗ ಸುಖವಾಗಿರುತ್ತಿದ್ದುದು, ಇವೆಲ್ಲವೂ ಆ ಪತ್ರದಿಂದ ತಿಳಿಯುತ್ತವೆ. ಆಟಿಸಂ ಶಾಸ್ತ್ರದ ಆದಿಗ್ರಂಥವೆಂದು ಹೆಸರಾದ ಪ್ರಬಂಧದ ಮೊದಲ ಪುಟಗಳಿಗೆ ಆಧಾರವಾದದ್ದು ಒಬ್ಬ ತಂದೆಯ ಬರಹವೆಂಬುದನ್ನು ನಾವು ಮರೆಯಲಾಗದು.

ಇದೇ ಪ್ರಬಂಧದಲ್ಲಿರುವ ಒಂದು ಪ್ರಸಂಗ ಅಧ್ಯಾಪಕರಿಗೆ ವಿಶೇಷವಾಗಿ ಉಪಯುಕ್ತವಾಗಿದೆ. 'ಹೌದು' ಎಂದರೆ ಹೆಗಲ ಮೇಲೆ ಕೂರಿಸಿಕೊಳ್ಳುವೆನೆಂದು ಹೇಳಿ ತಂದೆ ಡೊನಾಲ್ಡನಿಗೆ ಆ ಮಾತನ್ನು ಕಲಿಸಿದರು. ಮಗು ಕಲಿಯಿತು. ಆದರೆ ಬಹಳ ತಿಂಗಳುಗಳವರೆಗೆ ಅದರ ಪಾಲಿಗೆ 'ಹೌದು' ಎಂಬುದರ ಅರ್ಥ ಹೆಗಲ ಮೇಲೆ ಕೂರಿಸು ಎಂಬುದಷ್ಟೇ ಆಗಿತ್ತು. ಇಲ್ಲಿ ಬುದ್ಧಿ ಮಂದವಾಗಿಲ್ಲ. ಮಾತು ತಾನು ಕಲಿತ ಸನ್ನಿವೇಶಕ್ಕೆ ಅಂಟಿಕೊಂಡಿದೆ. ಆದುದರಿಂದ ಒಂದು ಮಾತನ್ನು ಒಂದೇ ಕಡೆಯಲ್ಲಿ ಕಲಿಸಿ ಬಿಡುವಂತಿಲ್ಲ. ಊಟದ ಹೊತ್ತಿನಲ್ಲಿ, ಆಟದ ಹೊತ್ತಿನಲ್ಲಿ, ಮನೆಯಲ್ಲಿ, ಶಾಲೆಯಲ್ಲಿ ಮತ್ತೆ ಮತ್ತೆ ಕಲಿಸಬೇಕು. ಈ ಬೋಧನಾಸೂತ್ರಕ್ಕೆ ಬೇಕಾದ ಸಾಕ್ಷ್ಯವೆಲ್ಲವೂ ೧೯೪೩ರಲ್ಲಿಯೇ ಅಚ್ಚಾಗಿತ್ತು.

ತಾಯಿಯ ಪತ್ರಗಳ ಆಯ್ದ ಭಾಗಗಳನ್ನೂ ಕ್ಯಾನರ್ ಅವರು ಸೇರಿಸಿದ್ದಾರೆ. ೧೯೩೯ರ ಸೆಪ್ಟೆಂಬರಿನಲ್ಲಿ ಆಕೆ ಬರೆದುದರ ಸಾರವಿಷ್ಟು: ಉಣ್ಣಲು, ತೊಳೆದುಕೊಳ್ಳಲು, ಬಟ್ಟೆ ತೊಡಲು ಇನ್ನೂ ಒತ್ತಾಯಿಸಬೇಕಾಗಿದೆ, ಮರದ ತುಂಡುಗಳಿಂದ ಏನೇನೋ ಕಟ್ಟುತ್ತಾನೆ, ಗಿಡಗಳಿಗೆ ನೀರು ಹಾಯಿಸುತ್ತಾನೆ, ಅಂಕಿಗಳ ಮೋಹ ಹೋಗಿಲ್ಲ, ಆಟ ಸುಧಾರಿಸಿದೆ, ಆದರೆ ಜನರನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ. ಮರುತಿಂಗಳ ಪತ್ರದಲ್ಲಿ, ಪರಿಚಿತರಾದ ಮುಖ್ಯೋಪಾಧ್ಯಾಯರೊಬ್ಬರು ಅವನನ್ನು ಒಂದನೆಯ ತರಗತಿಯಲ್ಲಿ ಕೂರಿಸಿ ನೋಡಲು ಒಪ್ಪಿದ ಸಂಗತಿಯಿದೆ. ಬಂದ ಗುಣವನ್ನು ಹಿಗ್ಗಿಸದೆ, ಬಾರದಿರುವುದನ್ನು ಮುಚ್ಚಿಡದೆ ಬರೆದಿರುವ ಈ ಪತ್ರಗಳು ಪ್ರತ್ಯಕ್ಷ ಪ್ರಮಾಣದ ಉತ್ತಮ ಮಾದರಿಯೆಂದು ನಮಗೆ ತೋರುತ್ತದೆ.

ಹೀಗಿರಲಾಗಿ, ಪ್ರಬಂಧದ ಕೊನೆಯ ಭಾಗಕ್ಕೆ ಬಂದಾಗ ವಾಚಕನಿಗೆ ಆಶ್ಚರ್ಯವಾಗುತ್ತದೆ. ಈ ಮಕ್ಕಳ ತಂದೆತಾಯಿಗಳಲ್ಲಿ ನಿಜವಾಗಿ ಮಮತೆ ತುಂಬಿದವರು ವಿರಳವೆಂದು ಕ್ಯಾನರ್ ಅವರು ಅಲ್ಲಿ ಹೇಳುತ್ತಾರೆ. ಈ ದೋಷ ಹುಟ್ಟಿನಿಂದಲೇ ಬಂದುದೆಂದೂ, ಎಲ್ಲವನ್ನೂ ಹೆತ್ತವರ ನಡತೆಯ ಮೇಲೆ ಹೊರಿಸುವುದು ಕಷ್ಟವೆಂದೂ ಅದೇ ಪುಟಗಳಲ್ಲಿ ಹೇಳುತ್ತಾರೆ. ಎರಡನೆಯ ಮಾತಿಗೆ ಆಧಾರವುಂಟು: ಮಕ್ಕಳ ಒಂಟಿತನ ಬದುಕಿನ ಆರಂಭದಿಂದಲೇ ಕಂಡಿತ್ತು. ಮೊದಲನೆಯದಕ್ಕೆ ಇರುವ ಆಧಾರವೇನು? ಹನ್ನೊಂದು ಕುಟುಂಬಗಳಲ್ಲಿ ಮೂರನ್ನು ಬಿಟ್ಟು ಉಳಿದವೆಲ್ಲವೂ ಆ ದೇಶದ ಗಣ್ಯರ ಅಥವಾ ವಿಜ್ಞಾನಿಗಳ ಪರಿಚಯಕೋಶಗಳಲ್ಲಿ ಹೆಸರಿದ್ದ ಕುಟುಂಬಗಳು. ದೂರದ ಊರಿನಿಂದ ಬಾಲ್ಟಿಮೋರಿನ ತಜ್ಞರವರೆಗೆ ಬರಲು, ದೀರ್ಘ ಪತ್ರ ಬರೆಯಲು ಶಕ್ತರಾದವರು ಇಂಥವರೇ. ಬಡವರ ಮಕ್ಕಳು ಈ ದಾಖಲೆಗೆ ಸೇರಲೇ ಇಲ್ಲ. ಓದುಬರಹ ಬಲ್ಲವರ ಅಚ್ಚುಕಟ್ಟಾದ ಪತ್ರವನ್ನು ಮನಸ್ಸಿನ ತಣ್ಣಗಿನ ಗುರುತೆಂದು ತಿಳಿದದ್ದು ಆಕರದ ಸ್ವಭಾವವನ್ನೇ ವಸ್ತುವಿನ ಸ್ವಭಾವವೆಂದು ಭ್ರಮಿಸಿದಂತೆ. ಕಾರ್ಯವನ್ನು ಕಾರಣವೆಂದುಕೊಳ್ಳುವ ದೋಷವೂ ಇಲ್ಲಿ ಸಂಭವಿಸಿರಬಹುದು: ಕರೆದರೂ ತಿರುಗಿ ನೋಡದ ಮಗುವಿನ ಮುಂದೆ ವರ್ಷಗಟ್ಟಲೆ ನಿಂತ ತಾಯಿಯ ಮುಖದಲ್ಲಿ ದಣಿವು ಕಾಣದೆ ಇನ್ನೇನು ಕಂಡೀತು? ಆದರೂ ೧೯೪೯ರ ಹೊತ್ತಿಗೆ ಕ್ಯಾನರ್ ಅವರು ಈ ಮಕ್ಕಳನ್ನು ಶೀತಲ ಪೆಟ್ಟಿಗೆಯಲ್ಲಿ ಬೆಳೆದವರಿಗೆ ಹೋಲಿಸಿದರು. ಹನ್ನೊಂದು ಮಕ್ಕಳ ವಿವರವನ್ನು ಓದಿದವರು ಕೆಲವರು. ಆ ಒಂದು ಹೋಲಿಕೆಯನ್ನು ನೆನಪಿಟ್ಟವರು ಬಹಳ ಮಂದಿ.

ಆ ಹೋಲಿಕೆಯನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದವರು ಬೆಟಲ್‌ಹೈಮ್. ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ ಆರ್ಥೋಜೆನಿಕ್ ಶಾಲೆಯ ನಿರ್ದೇಶಕರಾಗಿದ್ದ ಇವರು ೧೯೩೮-೩೯ರಲ್ಲಿ ದಾಖೌ ಮತ್ತು ಬೂಖೆನ್‌ವಾಲ್ಡ್ ಸೆರೆಶಿಬಿರಗಳಲ್ಲಿ ಬಂಧಿಯಾಗಿದ್ದವರು. ಅಲ್ಲಿ ಆಸೆಗೆಟ್ಟ ಬಂಧಿಗಳು ಲೋಕದಿಂದ ಹಿಂದೆ ಸರಿದುದನ್ನು ಕಣ್ಣಾರೆ ಕಂಡಿದ್ದ ಅವರು, ಆಟಿಸಂ ಉಳ್ಳ ಮಗುವೂ ತನ್ನನ್ನು ಬೇಡವೆಂದ ಹೆತ್ತವರಿಂದ ಹೀಗೆಯೇ ಹಿಂದೆ ಸರಿದಿದೆಯೆಂದು ವಾದಿಸಿದರು. ಆದಕಾರಣ ಮಗುವನ್ನು ತಂದೆತಾಯಿಗಳಿಂದ ಅಗಲಿಸಿ ಶಾಲೆಯಲ್ಲಿಯೇ ಇರಿಸುವುದು ಅವರ ಚಿಕಿತ್ಸೆಯ ಅಂಗವಾಯಿತು. ಲೇಖಕರ ಯಾತನೆಯ ಬಗೆಗೆ ನಮಗೆ ಗೌರವವಿದೆ; ಗ್ರಂಥದ ಶೈಲಿಯೂ ಮನಸ್ಸನ್ನು ಸೆಳೆಯುತ್ತದೆ. ಆದರೆ ಹೋಲಿಕೆ ಪ್ರಮಾಣವಲ್ಲ. ಎರಡು ಕಡೆ ಮೌನವಿದೆ ಎಂಬುದರಿಂದ ಎರಡು ಕಡೆಯೂ ಕ್ರೌರ್ಯವಿತ್ತೆಂದು ಸಿದ್ಧವಾಗುವುದಿಲ್ಲ. ಮೂರು ಮಕ್ಕಳ ವೃತ್ತಾಂತಗಳನ್ನು ವಿಸ್ತಾರವಾಗಿ ಹೇಳುವ ಈ ಗ್ರಂಥದಲ್ಲಿ ತಾಯಂದಿರು ಅಪರಾಧಿಗಳಾಗಿ ಬರುತ್ತಾರೆಯೇ ಹೊರತು ಸಾಕ್ಷಿಗಳಾಗಿ ಬರುವುದಿಲ್ಲ. ಇದೇ ಅದರ ಮೂಲದೋಷ.

ಇದಕ್ಕೆ ಉತ್ತರ ಗ್ರಂಥಕ್ಕಿಂತ ಮೊದಲೇ ಸಿದ್ಧವಾಗಿತ್ತೆಂಬುದು ಗಮನಾರ್ಹ. ಆಟಿಸಂ ಉಳ್ಳ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು ೧೯೬೪ರಲ್ಲಿಯೇ ಇದರ ಕಾರಣ ಶರೀರದಲ್ಲಿದೆಯೆಂದು ವಾದಿಸಿದ್ದರು. ಆ ಗ್ರಂಥಕ್ಕೆ ಮುನ್ನುಡಿ ಬರೆದವರು ಕ್ಯಾನರ್. ೧೯೬೯ರಲ್ಲಿ ತಂದೆತಾಯಿಗಳ ಸಭೆಯೊಂದರಲ್ಲಿ ಕ್ಯಾನರ್ ಅವರು ಹೆತ್ತವರನ್ನು ದೋಷಮುಕ್ತರೆಂದು ಬಹಿರಂಗವಾಗಿ ಸಾರಿದರು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟ್ಟರ್ ಅವರು ಇಪ್ಪತ್ತೊಂದು ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಏಕರೂಪದ ಹನ್ನೊಂದು ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇದ್ದಿತು; ಭಿನ್ನರೂಪದ ಹತ್ತು ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಆನುವಂಶಿಕತೆಯ ಪಾತ್ರ ದೊಡ್ಡದೆಂಬುದನ್ನು ಮುಂದಿನ ಸಂಶೋಧನೆಗಳು ದೃಢಪಡಿಸಿವೆ.

ಮೂರನೆಯ ಬರಹ ಗಾತ್ರದಲ್ಲಿ ಚಿಕ್ಕದು, ಆದರೆ ಬೋಧನೆಯ ದೃಷ್ಟಿಯಿಂದ ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು. ೧೯೭೧ರಲ್ಲಿ ಕ್ಯಾನರ್ ಅವರು ಆ ಹನ್ನೊಂದು ಮಕ್ಕಳು ಏನಾದರೆಂದು ಹುಡುಕಿ ಬರೆದರು. ಸರಕಾರಿ ಮನೋರೋಗಾಲಯಗಳಲ್ಲಿ ಬಿಟ್ಟುಬಂದವರ ಪಾಲಿಗೆ ಅದು ಜೀವಾವಧಿ ಶಿಕ್ಷೆಯಂತೆಯೇ ಆಗಿತ್ತು. ಇದ್ದ ಗುಣಗಳೂ ಅಲ್ಲಿ ಮಾಯವಾದವು. ಡೊನಾಲ್ಡನ ಕಥೆ ಬೇರೆ. ೧೯೪೨ರಲ್ಲಿ ತಂದೆತಾಯಿಗಳು ಅವನನ್ನು ಮನೆಯಿಂದ ಸುಮಾರು ಹತ್ತು ಮೈಲಿ ದೂರದ ಗೇಣಿದಾರ ದಂಪತಿಗಳ ಬಳಿ ಇರಿಸಿದರು. ೧೯೪೫ರ ಮೇ ತಿಂಗಳಲ್ಲಿ ಕ್ಯಾನರ್ ಅವರು ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಅಳೆಯುವ ಗೀಳು. ಅವರು ಬಾವಿ ತೋಡಿಸಿ ಆಳವನ್ನು ಅಳೆದು ಹೇಳಿಸಿದರು. ಜೋಳದ ಸಾಲುಗಳನ್ನು ಸುಮ್ಮನೆ ಎಣಿಸುತ್ತಿದ್ದ, ಉಳುತ್ತ ಎಣಿಸೆಂದರು. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಕೂಡಿಡುತ್ತಿದ್ದ. ಅವುಗಳನ್ನು ಹೂಳಲು ಒಂದು ಜಾಗ ಕೊಟ್ಟು ಗುರುತು ನೆಡಿಸಿದರು. ಅಲ್ಲಿನ ಹಳ್ಳಿಯ ಶಾಲೆ ಅವನ ವಿಚಿತ್ರಗಳನ್ನು ಒಪ್ಪಿಕೊಂಡಿತು. ಅವನು ಮುಂದೆ ೧೯೫೮ರಲ್ಲಿ ಪದವೀಧರನಾದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ೨೦೨೩ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

ಮಗುವಿನ ಗೀಳನ್ನು ಬಿಡಿಸಲು ಹೋಗದೆ ಅದಕ್ಕೆ ಒಂದು ಕೆಲಸವನ್ನು ಜೋಡಿಸಿದ್ದು ಆ ದಂಪತಿಗಳ ಜಾಣ್ಮೆ. ಆದರೆ ಈ ಬರಹವೂ ವಿಮರ್ಶೆಗೆ ಹೊರತಲ್ಲ. ಅವರ ಬಾಯಿಂದ ಬಂದ ಒಂದು ಮಾತೂ ಇದರಲ್ಲಿಲ್ಲ. ನಮಗೆ ದೊರೆಯುವುದು ಭೇಟಿಗೆ ಬಂದ ವೈದ್ಯರ ಕಣ್ಣಿಗೆ ಬಿದ್ದದ್ದಷ್ಟೇ. ಹನ್ನೊಂದರಲ್ಲಿ ಒಬ್ಬನ ಬಾಳಿನಿಂದ ನಿಯಮವನ್ನು ಕಟ್ಟುವುದೂ ಸಲ್ಲದು. ಅನುಕೂಲಸ್ಥ ಕುಟುಂಬವೊಂದರ ಬೆಂಬಲ ಅವನಿಗಿತ್ತು. ಆದರೂ ಈ ದಿಕ್ಕು ಸರಿಯೆಂಬುದಕ್ಕೆ ಬೇರೆ ಸಾಕ್ಷ್ಯವೂ ಉಂಟು. ಷಿಕಾಗೋದಲ್ಲಿಯೇ ವ್ಯಾಸಂಗ ಮಾಡಿದ್ದ ಎರಿಕ್ ಷಾಪ್ಲರ್ ಅವರು ಬೆಟಲ್‌ಹೈಮ್ ಅವರ ಮತವನ್ನು ನಿರಾಕರಿಸಿ, ತಂದೆತಾಯಿಗಳನ್ನೇ ಸಹಚಿಕಿತ್ಸಕರನ್ನಾಗಿ ಮಾಡಿಕೊಂಡರು. ೧೯೭೨ರಲ್ಲಿ ಉತ್ತರ ಕೆರೊಲಿನಾ ರಾಜ್ಯವು ಅವರ ಟೀಚ್ ಎಂಬ ಕಾರ್ಯಕ್ರಮವನ್ನು ರಾಜ್ಯದ ವ್ಯವಸ್ಥೆಯನ್ನಾಗಿ ಅಂಗೀಕರಿಸಿತು. ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಮಗುವಿನ ಕಣ್ಣ ಮುಂದಿಡುವುದು, ಯಾವುದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುವುದೆಂಬುದನ್ನು ತೋರಿಸುವುದು, ಮಗುವಿನ ಒಲವಿನಿಂದ ಪಾಠವನ್ನು ತೊಡಗುವುದು ಅದರ ಕ್ರಮ.

ಈ ವಿಚಾರ ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಏಕೆ ಬೇಕು? ನಮ್ಮ ದೇಶದ ೧೯೯೫ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. ೨೦೧೬ರ ಹಕ್ಕುಗಳ ಕಾಯಿದೆ ಅದನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿ ಶಾಲೆಗಳ ಬಾಗಿಲನ್ನು ತೆರೆಯಿತು. ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಉಪಾಧ್ಯಾಯರಾಗಿ ಇಂತಹ ಮಗುವನ್ನು ತರಗತಿಯಲ್ಲಿ ಕಾಣುವರು. ಅದರ ತಾಯಿಯೂ ಬಾಗಿಲ ಬಳಿ ನಿಂತಿರುವಳು. ಮಗು ಮಾತಾಡದಿದ್ದರೆ ತಾಯಿಯನ್ನು ದೂರುವ ರೂಢಿ ಷಿಕಾಗೋದಲ್ಲಿ ಮಾತ್ರ ಇದ್ದುದಲ್ಲ. ನಮ್ಮ ಜಗಲಿಗಳಲ್ಲಿಯೂ ಕೇಳಿಬರುತ್ತದೆ. ಮೇಲ್ಕಂಡ ಮೂರು ಬರಹಗಳ ಪರೀಕ್ಷೆಯಿಂದ ನಮಗೆ ಸಿದ್ಧವಾದುದು ಇಷ್ಟು: ಮಗುವನ್ನು ಹಗಲಿರುಳು ಕಂಡವರ ಮಾತೇ ಮೊದಲ ಆಕರ, ತಜ್ಞರ ಊಹೆಗೆ ಸಲ್ಲುವ ಸ್ಥಾನ ಕಂಸದೊಳಗೆ. ಉಪಾಧ್ಯಾಯನಾದವನು ಆ ತಾಯಿಯನ್ನು ಒಳಗೆ ಕರೆದು, ಕೂರಿಸಿ, ಮಗುವಿಗೆ ಏನು ಇಷ್ಟವೆಂದು ಕೇಳಿ ಬರೆದುಕೊಳ್ಳಲಿ. ಪಾಠ ಅಲ್ಲಿಂದ ಆರಂಭವಾಗಬಹುದು.