ಬನವಾಸಿಯೂ ಸೂಪಾವೂ: ದೇಶಸ್ಮೃತಿಯ ಭಾವವಿಚಾರ

ಪಂಪಮಹಾಕವಿಯ ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ, ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿ ನಾಡನ್ನು ಸೇರಿದ ಪ್ರಸಂಗದಲ್ಲಿ ಬರುವ ಪದ್ಯಗಳು ಕನ್ನಡ ಬಲ್ಲವರಿಗೆಲ್ಲ ಕಂಠಸ್ಥವಾದವು. ಪಾಠಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಅವುಗಳನ್ನು ನಾಡಿನ ಹೆಮ್ಮೆಯ ಉದ್ಘೋಷವೆಂದು ವಿವರಿಸುವುದು ಬಹುಕಾಲದಿಂದ ರೂಢಿಯಾಗಿ ಬಂದಿದೆ. ಈ ವಿವರಣೆಯು ಪದ್ಯಗಳ ಭಾವಕ್ಕೆ ಒಪ್ಪುವುದೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯವು. ಭರತಮುನಿಯು ಎಣಿಸಿದ ೩೩ ವ್ಯಭಿಚಾರಿಭಾವಗಳಲ್ಲಿ ಗರ್ವವೂ ಇದೆ, ಸ್ಮೃತಿಯೂ ಇದೆ. ಆದರೆ ಒಂದರ ಲಕ್ಷಣವು ಇನ್ನೊಂದಕ್ಕೆ ಹೊಂದದು. ಕುಲ, ರೂಪ, ಐಶ್ವರ್ಯ, ವಿದ್ಯೆ, ಬಲ ಮುಂತಾಗಿ ತನ್ನಲ್ಲಿ ಉಳ್ಳ ವಸ್ತುವನ್ನು ಆಶ್ರಯಿಸಿ ಗರ್ವವು ಹುಟ್ಟುತ್ತದೆ. ಸ್ಮೃತಿಯಾದರೋ ಇಂದ್ರಿಯಗಳ ಇದಿರಿಗೆ ಇಲ್ಲದ ವಸ್ತುವನ್ನು ಹಿಂದಿನ ಅನುಭವದ ಸಂಸ್ಕಾರದಿಂದ ಮನಸ್ಸಿಗೆ ತರುವಂತಹುದು. ಉಳ್ಳವನ ಭಾವವನ್ನೂ ಅಗಲಿದವನ ಭಾವವನ್ನೂ ಒಂದೇ ಹೆಸರಿನಿಂದ ಕರೆದರೆ ಕಾವ್ಯಾರ್ಥವು ಕೆಡುವುದರಲ್ಲಿ ಸಂದೇಹವಿಲ್ಲ.

ಆ ಪದ್ಯಗಳಲ್ಲಿ ಕವಿಯು ಬನವಾಸಿಯ ಅರಸರನ್ನಾಗಲಿ ಕೋಟೆಕೊತ್ತಲಗಳನ್ನಾಗಲಿ ಸ್ತುತಿಸುವುದಿಲ್ಲ. ತೆಂಕಣ ದಿಕ್ಕಿನ ಗಾಳಿಯ ಸ್ಪರ್ಶ, ಕಿವಿಗೆ ಬಿದ್ದ ಒಳ್ಳೆಯ ಮಾತು, ಇಂಪಾದ ಗೀತ, ಅರಳಿದ ಮಲ್ಲಿಗೆ, ವಸಂತೋತ್ಸವ ಇವುಗಳನ್ನು ಹೇಳಿ, ಇವುಗಳಲ್ಲಿ ಯಾವುದೊಂದು ಒದಗಿದರೂ ಮನಸ್ಸು ಬನವಾಸಿಗೆ ಓಡುವುದೆಂದು ಹೇಳುತ್ತಾನೆ. ಇವೆಲ್ಲ ಉದ್ದೀಪನವಿಭಾವಗಳು. ಇಲ್ಲಿ ಸಹೃದಯರು ಗಮನಿಸತಕ್ಕ ಸೂಕ್ಷ್ಮವೊಂದುಂಟು. ಗಾಳಿ, ಹೂವು, ಹಾಡು ಇವು ಬನವಾಸಿಗೆ ಮಾತ್ರ ಮೀಸಲಾದವುಗಳಲ್ಲ. ಭೂಮಂಡಲದಲ್ಲಿ ಎಲ್ಲಿ ಹೋದರೂ ದೊರೆಯತಕ್ಕವು. ಕವಿಯು ಬುದ್ಧಿಪೂರ್ವಕವಾಗಿಯೇ ಇಂತಹ ಸಾಧಾರಣ ವಸ್ತುಗಳನ್ನು ಆರಿಸಿದ್ದಾನೆ. ಉದ್ದೀಪನವು ಎಲ್ಲೆಡೆಯೂ ಇರುವುದರಿಂದ ಸ್ಮರಣೆಯಿಂದ ತಪ್ಪಿಸಿಕೊಳ್ಳುವ ಎಡೆಯೇ ಪರದೇಶದಲ್ಲಿ ಇಲ್ಲವಾಗುತ್ತದೆ. ಅಂಕುಶದ ಪ್ರಸ್ತಾಪವೂ ಇದಕ್ಕೆ ಅನುಗುಣವಾಗಿದೆ. ಆನೆಯು ತಾನಾಗಿ ನಡೆಯುವ ದಿಕ್ಕಿನಿಂದ ಅದನ್ನು ತಿರುಗಿಸುವುದಕ್ಕೆ ಅಂಕುಶವು ಬೇಕು. ಮನಸ್ಸನ್ನು ಆನೆಯೆಂದು ಭಾವಿಸಿದಾಗ ಅದರ ಸಹಜವಾದ ನಡೆಯು ಬನವಾಸಿಯ ಕಡೆಗೇ ಎಂದೂ, ಬೇರೆ ಕಡೆಗೆ ತಿರುಗಿಸುವ ಪ್ರಯತ್ನವೇ ಕೃತಕವೆಂದೂ ಧ್ವನಿಯಾಗುತ್ತದೆ. ಹೆಮ್ಮೆಪಡುವವನಿಗೆ ಈ ಪರವಶತೆಯಿಲ್ಲ. ಅವನು ತನ್ನ ಇಚ್ಛೆಯಿಂದ ನಾಡನ್ನು ಕೊಂಡಾಡುತ್ತಾನೆ. ಇಲ್ಲಿಯ ಮನಸ್ಸು ಇಚ್ಛೆಯನ್ನು ಮೀರಿ ಹೋಗುತ್ತಿದೆ. ಆದುದರಿಂದ ಈ ಪದ್ಯಗಳಲ್ಲಿ ಪ್ರಧಾನವಾದ ಭಾವವು ಔತ್ಸುಕ್ಯದಿಂದ ಕೂಡಿದ ಸ್ಮೃತಿಯೇ ಹೊರತು ಗರ್ವವಲ್ಲ.

ಇದಕ್ಕೆ ಪೂರ್ವಪಕ್ಷವೊಂದು ಉಂಟಾಗಬಹುದು. ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಕುರಿಕ್ಯಾಲದ ತ್ರಿಭಾಷಾ ಶಾಸನದಿಂದ ಆ ವಂಶದ ಮೂಲವು ವೆಂಗಿನಾಡಿನ ವಂಗಿಪರ್ರುವೆಂದೂ, ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ತಿಳಿದುಬರುತ್ತದೆ. ಕವಿಯು ಆಸ್ಥಾನದಲ್ಲಿದ್ದುದು ಇಂದಿನ ತೆಲಂಗಾಣದ ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಬಳಿಯಲ್ಲಿ. ಹೀಗಿರುವಾಗ ಬನವಾಸಿಯು ಅವನ ಜನ್ಮಭೂಮಿಯೆಂಬುದೇ ಸಿದ್ಧವಾಗದಿರಲು ಅದರ ಸ್ಮೃತಿಯನ್ನು ಹೇಗೆ ಹೇಳಬಹುದು ಎಂದು ಕೇಳುವರು. ಸಮಾಧಾನವೇನೆಂದರೆ, ಕವಿಯ ಜನ್ಮಸ್ಥಾನವನ್ನು ನಿರ್ಣಯಿಸುವುದು ಚರಿತ್ರಕಾರರ ಕಾರ್ಯವು. ಭಾವವನ್ನು ನಿರ್ಣಯಿಸುವುದಕ್ಕೆ ಕಾವ್ಯದ ಶಬ್ದಗಳೇ ಪ್ರಮಾಣವು. ನೆನಪಿಗೆ ವಿಷಯವಾಗುವುದಕ್ಕೆ ಒಂದು ನಾಡು ಅನುಭವಕ್ಕೆ ಬಂದಿದ್ದರೆ ಸಾಕು, ಅಲ್ಲಿಯೇ ಜನಿಸಿರಬೇಕೆಂಬ ನಿಯಮವಿಲ್ಲ. ಅಲ್ಲದೆ ಬನವಾಸಿಯನ್ನು ಕಣ್ಣೆದುರಿಗೆ ಕಾಣುತ್ತಿರುವ ಅರ್ಜುನನಿಗೆ ಅದನ್ನು ನೆನೆಯುವ ಅಗತ್ಯವೇ ಇಲ್ಲ. ಕಥಾಸಂದರ್ಭಕ್ಕೆ ಪೂರ್ತಿ ಹೊಂದದ ಈ ಸ್ಮರಣೆಯು ಅಲ್ಲಿ ಬಂದಿರುವುದರಿಂದ, ನಾಡನ್ನು ಅಗಲಿದ ಹೃದಯವೊಂದು ಪಾತ್ರವನ್ನು ಸರಿಸಿ ಮುಂದೆ ಬಂದಿದೆಯೆಂದು ಊಹಿಸುವುದು ಯುಕ್ತವಾಗಿದೆ.

ಇನ್ನು ಶಾಸ್ತ್ರದೃಷ್ಟಿಯಿಂದ ಎರಡನೆಯ ಪ್ರಶ್ನೆಯು ಬರುತ್ತದೆ. ನಾಡನ್ನು ಆಲಂಬನವಾಗಿ ಉಳ್ಳ ಪ್ರೀತಿಗೆ ಅಲಂಕಾರಶಾಸ್ತ್ರದಲ್ಲಿ ಎಲ್ಲಿ ಸ್ಥಾನ? ದೇವತಾದಿಗಳನ್ನು ಕುರಿತ ರತಿಯನ್ನು ಮಮ್ಮಟನು ಶೃಂಗಾರದಿಂದ ಬೇರ್ಪಡಿಸಿ ಭಾವವೆಂದು ಕರೆದಿದ್ದಾನೆ. ದೇಶರತಿಯನ್ನೂ ಆ ವರ್ಗದಲ್ಲಿ ಸೇರಿಸಬಹುದು. ಆದರೂ ಅದರ ನಡೆಯು ಪ್ರವಾಸವಿಪ್ರಲಂಭದ ನಡೆಯನ್ನೇ ಹೋಲುತ್ತದೆ. ‘ಮೇಘದೂತ’ದ ಯಕ್ಷನು ರಾಮಗಿರಿಯಲ್ಲಿ ಕುಳಿತು ಅಲಕೆಯ ತನ್ನ ಮನೆಯ ಗುರುತುಗಳನ್ನು ಮೇಘಕ್ಕೆ ಹೇಳುವಾಗ, ಪ್ರಿಯೆಯ ಸ್ಮರಣೆಯೊಡನೆ ಮನೆಯ ಬಾವಿ, ಬಾಲಮಂದಾರ, ನವಿಲು ಇವುಗಳ ಸ್ಮರಣೆಯೂ ಬಿಡಿಸಲಾರದಂತೆ ಹೆಣೆದುಕೊಂಡಿದೆ. ‘ರಘುವಂಶ’ದ ೧೩ನೆಯ ಸರ್ಗದಲ್ಲಿ ವಿಮಾನದಿಂದ ಹಿಂದಿರುಗುತ್ತಿರುವ ರಾಮನಿಗೆ ಸರಯುವು ತಾಯಿಯಂತೆ ತೋರುತ್ತಾಳೆ. ಒಂದರಲ್ಲಿ ಅಗಲಿಕೆ, ಇನ್ನೊಂದರಲ್ಲಿ ಪುನಸ್ಸಮಾಗಮ; ಎರಡರಲ್ಲಿಯೂ ನೆನೆದ ಸ್ಥಳವು ಸ್ಥಿರವಾಗಿ ನಿಂತಿದೆ. ವಿಪ್ರಲಂಭಕ್ಕೂ ಕರುಣಕ್ಕೂ ಭರತಮುನಿಯು ಹೇಳಿದ ಭೇದವು ಇಲ್ಲಿ ಮುಖ್ಯವಾದುದು. ವಿಪ್ರಲಂಭವು ಅಪೇಕ್ಷೆಯಿಂದ ಕೂಡಿದುದು. ಕರುಣವು ಅಪೇಕ್ಷೆಯು ಕಡಿದುಹೋದುದು. ಮತ್ತೆ ಸೇರುವ ಆಸೆಯಿರುವವರೆಗೆ ದುಃಖವು ರತಿಗೆ ಅಂಗವಾಗಿರುತ್ತದೆ. ಆಸೆಯು ಅಳಿದರೆ ಶೋಕವೇ ಸ್ಥಾಯಿಯಾಗುತ್ತದೆ.

ಹಾಗಾದರೆ ನೆನೆದ ಊರೇ ಇಲ್ಲವಾದಾಗ ದೇಶಸ್ಮೃತಿಯ ಗತಿಯೇನು? ಇದು ಬರಿಯ ತರ್ಕಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. ವರದಾನದಿಯ ತೀರದ ಬನವಾಸಿಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಕಾಳೀನದಿಯ ತೀರದ ಗಣೇಶಗುಡಿಯಲ್ಲಿ ಇದಕ್ಕೆ ಪ್ರತ್ಯಕ್ಷವಾದ ಲಕ್ಷ್ಯವುಂಟು. ಕಾಳಿಯೂ ಪಾಂಡರಿಯೂ ಕೂಡುವ ಎಡೆಯಲ್ಲಿದ್ದ ಸೂಪಾ ಎಂಬ ಊರು ಒಂದು ಕಾಲಕ್ಕೆ ತಾಲೂಕಿನ ಕೇಂದ್ರವಾಗಿತ್ತು. ವಿದ್ಯುದುತ್ಪಾದನೆಗಾಗಿ ಗಣೇಶಗುಡಿಯ ಬಳಿ ಕಾಳಿಗೆ ಅಡ್ಡವಾಗಿ ಕಟ್ಟಿದ, ೧೦೧ ಮೀಟರ್ ಎತ್ತರವಾದ ಅಣೆಕಟ್ಟು ೧೯೮೭ರಲ್ಲಿ ಪೂರ್ಣವಾಯಿತು. ಅದರ ಬುಡದ ವಿದ್ಯುದಾಗಾರದಲ್ಲಿ ತಲಾ ೫೦ ಮೆಗಾವಾಟ್ ಶಕ್ತಿಯ ಎರಡು ಯಂತ್ರಗಳಿವೆ. ಹಿಂದೆ ಹರಡಿದ ಜಲಾಶಯದಲ್ಲಿ ಸೂಪಾ ಊರೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಹೋಯಿತು. ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ನೆಲಸಿದರು.

ಗಣೇಶಗುಡಿಯಲ್ಲಿ ದೇಶಸ್ಮೃತಿಯ ಎರಡು ಪ್ರಕಾರಗಳೂ ಒಂದೇ ಕಡೆ ಕಾಣಸಿಗುತ್ತವೆ. ಅಣೆಕಟ್ಟಿನ ಕೆಲಸಕ್ಕೆಂದು ನಾಡಿನ ಬೇರೆ ಬೇರೆ ಭಾಗಗಳಿಂದ ಬಂದು ವಿದ್ಯುತ್ ನಿಗಮದ ಕಾಲನಿಯಲ್ಲಿ ಇದ್ದವರು ಒಂದು ವರ್ಗ. ಬಯಲುಸೀಮೆಯಿಂದ ಬಂದವನಿಗೆ ಇಲ್ಲಿಯ ಬಿಡದ ಮಳೆಯಲ್ಲಿ, ದಟ್ಟವಾದ ಕಾಡಿನ ನಡುವೆ ತನ್ನ ಊರಿನ ಎರೆಹೊಲವೂ ಬಿಸಿಲೂ ನೆನಪಾದರೆ, ಆ ಸ್ಮರಣೆಯು ಯಕ್ಷನ ಸ್ಮರಣೆಯ ಜಾತಿಗೆ ಸೇರಿದುದು. ಅವನ ಊರು ಇದ್ದೇ ಇದೆ. ಹಬ್ಬಕ್ಕೋ ಜಾತ್ರೆಗೋ ಹೋಗಿಬರಬಹುದು. ನಿವೃತ್ತಿಯಾದ ಮೇಲೆ ಅಲ್ಲಿಯೇ ನೆಲಸಬಹುದು. ಅವನದು ಸಾಪೇಕ್ಷವಾದ ದುಃಖವು. ಸೂಪಾದಿಂದ ಎದ್ದುಹೋದವರು ಇನ್ನೊಂದು ವರ್ಗ. ಇವರು ಹೋದುದು ಬಹುದೂರವಲ್ಲ, ಅದೇ ತಾಲೂಕಿನ ಇನ್ನೊಂದು ಎಡೆಗೆ. ಆದರೂ ದೂರದಿಂದ ಬಂದವನಿಗೆ ಇರುವ ಹಿಂದಿರುಗುವ ದಾರಿಯು ಇವರಿಗಿಲ್ಲ. ಪ್ರವಾಸವನ್ನು ಹರದಾರಿಗಳಿಂದ ಅಳೆಯಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ವಿಭಾವವ್ಯವಸ್ಥೆಯೂ ಇವರಲ್ಲಿ ವಿಪರ್ಯಾಸಗೊಂಡಿದೆ. ಪಂಪನಲ್ಲಿ ಆಲಂಬನವಾದ ನಾಡು ದೂರದಲ್ಲಿದೆ, ಉದ್ದೀಪನವು ಹತ್ತಿರದಲ್ಲಿದೆ. ಇಲ್ಲಿ ಆಲಂಬನವಾದ ಊರು ಹತ್ತಿರದಲ್ಲಿಯೇ ನೀರಿನ ಅಡಿಯಲ್ಲಿದೆ. ಉದ್ದೀಪನವಾದ ನದಿಯೇ ಆಲಂಬನವನ್ನು ಮರೆಮಾಡಿದೆ. ಬಾಲ್ಯದ ಸ್ನಾನಕ್ಕೂ ದಾಟುವಿಕೆಗೂ ನೆನಪಾಗಬೇಕಾದ ಕಾಳಿಯು ಅದೇ ಕ್ಷಣದಲ್ಲಿ ನಷ್ಟಕ್ಕೂ ನೆನಪಾಗುತ್ತಾಳೆ. ಈಗ ಅಣೆಕಟ್ಟಿನ ಕೆಳಗಿನ ಅದೇ ಹೊಳೆಯಲ್ಲಿ ತೆಪ್ಪದ ವಿಹಾರಕ್ಕೆಂದು ದೂರದ ಪಟ್ಟಣಗಳಿಂದ ಜನರು ಗಣೇಶಗುಡಿಗೆ ಬರುತ್ತಾರೆ. ಒಂದೇ ವಸ್ತುವು ಒಬ್ಬರಿಗೆ ಹರ್ಷಕ್ಕೂ ಇನ್ನೊಬ್ಬರಿಗೆ ಶೋಕಕ್ಕೂ ವಿಭಾವವಾಗುವುದು ಶಾಸ್ತ್ರಸಮ್ಮತವೇ. ಬಂದವರ ಹರ್ಷದಲ್ಲಿ ದೋಷವೂ ಇಲ್ಲ.

ಈ ಸ್ಥಿತಿಗೆ ಅತ್ಯಂತ ಸಮೀಪವಾದ ಕಾವ್ಯಪ್ರಸಂಗವನ್ನು ಭವಭೂತಿಯ ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ಕಾಣಬಹುದು. ಸೀತೆಯೊಡನೆ ಕಳೆದ ದಿನಗಳ ದಂಡಕಾರಣ್ಯವನ್ನು ರಾಮನು ಬಹುಕಾಲದ ಮೇಲೆ ನೋಡುತ್ತಾನೆ. ಹಿಂದೆ ಹೊಳೆಯು ಹರಿಯುತ್ತಿದ್ದಲ್ಲಿ ಈಗ ಮಳಲದಿಣ್ಣೆ; ಮರಗಳು ದಟ್ಟವಾಗಿದ್ದಲ್ಲಿ ವಿರಳ, ವಿರಳವಾಗಿದ್ದಲ್ಲಿ ದಟ್ಟ. ಇದು ಬೇರೊಂದು ಕಾಡೇ ಎಂದು ಅವನಿಗೆ ತೋರುತ್ತದೆ. ಬೆಟ್ಟಗಳು ಇದ್ದಲ್ಲಿಯೇ ಇರುವುದರಿಂದ ಅದೇ ಕಾಡೆಂಬ ಬುದ್ಧಿಯು ದೃಢವಾಗುತ್ತದೆ. ಭವಭೂತಿಯಲ್ಲಿ ನೀರಿದ್ದಲ್ಲಿ ನೆಲವಾಯಿತು. ಸೂಪಾದಲ್ಲಿ ನೆಲವಿದ್ದಲ್ಲಿ ನೀರಾಯಿತು. ಎರಡರಲ್ಲಿಯೂ ಗುರುತಿಗೆ ಉಳಿದುದು ಬೆಟ್ಟವೇ. ಸುತ್ತಲಿನ ಸಹ್ಯಾದ್ರಿಯ ಶಿಖರಗಳನ್ನು ಹಿಡಿದು, ಇಂತಹ ಗುಡ್ಡದ ನೇರಕ್ಕೆ ಸಂತೆ, ಇಂತಹ ಇಳಿಜಾರಿನ ಕೆಳಗೆ ಮನೆ ಎಂದು ಲೆಕ್ಕ ಹಾಕುವವನಲ್ಲಿ ಸ್ಮೃತಿಯು ಪ್ರತ್ಯಭಿಜ್ಞೆಯಾಗಲು ಹವಣಿಸಿ ಅರ್ಧದಲ್ಲಿಯೇ ನಿಲ್ಲುತ್ತದೆ. ಪ್ರತ್ಯಭಿಜ್ಞೆಗೆ ಸಂಸ್ಕಾರದ ಜೊತೆಗೆ ವಸ್ತುವಿನ ಪ್ರತ್ಯಕ್ಷವೂ ಬೇಕು. ಇಲ್ಲಿ ಪ್ರತ್ಯಕ್ಷವಾಗುವುದು ವಸ್ತುವಿನ ಮೇಲಿನ ನೀರು. ಈ ಅರ್ಧದಲ್ಲಿ ನಿಂತ ಗುರುತಿಸುವಿಕೆಯೇ ಮುಳುಗಿದ ಊರಿನ ಸ್ಮೃತಿಗೆ ವಿಶೇಷಲಕ್ಷಣವೆಂದು ಹೇಳಬಹುದು.

ಇದನ್ನು ಸಾಹಿತ್ಯದರ್ಪಣಕಾರನು ಹೇಳಿದ ಕರುಣವಿಪ್ರಲಂಭದಲ್ಲಿ ಸೇರಿಸಬಹುದೇ? ಅದಕ್ಕೆ ಉದಾಹರಣೆಯಾದ ‘ಕಾದಂಬರಿ’ಯಲ್ಲಿ ಪುಂಡರೀಕನು ಮೃತನಾದರೂ ಮಹಾಶ್ವೇತೆಗೆ ಪುನಸ್ಸಮಾಗಮದ ದಿವ್ಯವಾದ ಆಶ್ವಾಸನೆಯು ದೊರೆತಿದೆ. ಸೂಪಾದವರಿಗೆ ಅಂತಹ ಅಶರೀರವಾಣಿಯಿಲ್ಲ. ಆದುದರಿಂದ ಇದು ಶುದ್ಧವಾದ ಕರುಣಕ್ಕೇ ಸೇರತಕ್ಕದ್ದು. ಆದರೂ ಒಂದು ತಂತು ಉಳಿದಿದೆ, ಅದು ಹೆಸರು. ಊರು ಹೋದರೂ ಅಣೆಕಟ್ಟಿಗೆ ‘ಸೂಪಾ’ ಎಂಬ ಹೆಸರೇ ನಿಂತಿತು; ಮುಳುಗಿಸಿದುದೇ ಮುಳುಗಿದುದರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಕೇಳಿದ ಹೊರಗಿನವನಿಗೆ ಗೋಡೆಯೂ ನೀರೂ ಬೋಧೆಯಾಗುತ್ತವೆ. ಅಲ್ಲಿಯವನಿಗೆ ಬೀದಿಯೂ ಅಂಗಳವೂ ಬೋಧೆಯಾಗುತ್ತವೆ.

ಕನ್ನಡದ ಜನಪದ ಗೀತಗಳು ಈ ಭೇದವನ್ನು ಶಾಸ್ತ್ರದ ನೆರವಿಲ್ಲದೆಯೇ ಬಲ್ಲವು. ‘ಗರತಿಯ ಹಾಡು’ ಮೊದಲಾದ ಸಂಕಲನಗಳಲ್ಲಿ ತವರಿನ ಹಂಬಲವು ಬಹುಮುಖ್ಯವಾದ ವಿಷಯವು. ಅಣ್ಣನು ಕರೆಯಲು ಬರುವನೆಂಬ ಆಸೆಯಿರುವವರೆಗೆ ಆ ಹಂಬಲವು ಸಿಹಿಯಾಗಿರುತ್ತದೆ; ತಾಯಿಯಿಲ್ಲದ ತವರಿನ ಮಾತು ಬಂದಾಗ ಮನೆಯು ನಿಂತಿದ್ದರೂ ಹಾಡು ಶೋಕಕ್ಕೆ ತಿರುಗುತ್ತದೆ. ಸ್ಮೃತಿಗೆ ಆಲಂಬನವು ಬರಿಯ ಮಣ್ಣಲ್ಲ, ಆ ಮಣ್ಣಿನ ಮೇಲೆ ಹುಟ್ಟಿದ ಸಂಬಂಧಗಳೆಂದು ಇದರಿಂದ ಸ್ಪಷ್ಟವಾಗುತ್ತದೆ. ಹೊಸ ಎಡೆಯಲ್ಲಿ ನಿವೇಶನವೂ ಪರಿಹಾರವೂ ದೊರೆತ ಮಾತ್ರದಿಂದ ಹಳೆಯ ನೆರೆಹೊರೆಯು ದೊರೆಯದು. ಮುಳುಗಡೆಯನ್ನು ವಸ್ತುವಾಗಿ ಉಳ್ಳ ನಾ. ಡಿಸೋಜರ ‘ದ್ವೀಪ’ವು ಇಲ್ಲಿ ಸ್ಮರಣೀಯವು. ಶರಾವತಿಯ ನೀರು ಏರುತ್ತಿರುವಾಗ ನೆಲವನ್ನು ಬಿಡಲಾರದ ಕುಟುಂಬದ ಕಥೆಯಾದುದರಿಂದ ಅದರಲ್ಲಿ ಶಂಕೆಯೂ ಭಯವೂ ಪ್ರಧಾನವಾಗಿವೆ. ಅದು ನಷ್ಟವು ಒದಗುತ್ತಿರುವ ಕಾಲದ ಕೃತಿ. ನಷ್ಟವು ಮುಗಿದು ವರ್ಷಗಳು ಕಳೆದ ಮೇಲಿನ ಸ್ಮೃತಿಗೆ ಬೇರೆಯದೇ ಆದ ನಿರೂಪಣೆಯು ಬೇಕು. ಕಾಳೀತೀರದಲ್ಲಿ ಅದನ್ನು ಅರಸುವವರು ಕನ್ನಡವೊಂದನ್ನೇ ಕೇಳಿದರೆ ಸಾಲದು. ಆ ಸೀಮೆಯಲ್ಲಿ ಕೊಂಕಣಿ, ಮರಾಠಿಗಳೂ ಮನೆಮಾತುಗಳಾಗಿವೆ.

ಈ ವಿಚಾರದಿಂದ ಅಧ್ಯಾಪಕರಿಗೆ ಆಗುವ ಪ್ರಯೋಜನವನ್ನು ಹೇಳಿ ಮುಗಿಸುವುದು ಉಚಿತವು. ಬನವಾಸಿಯ ಪದ್ಯಗಳನ್ನು ಗರ್ವದ ಪದ್ಯಗಳೆಂದು ಬೋಧಿಸಿದರೆ, ಪ್ರಾಚೀನವಾದ ರಾಜಧಾನಿಯಾಗಲಿ ಪ್ರಸಿದ್ಧವಾದ ದೇಗುಲವಾಗಲಿ ಇಲ್ಲದ ಊರಿನ ವಿದ್ಯಾರ್ಥಿಯು, ಇದರಲ್ಲಿ ತನಗೆ ಭಾಗವಿಲ್ಲವೆಂದು ತಿಳಿಯುವನು. ಅಜ್ಜನು ಸೂಪಾದಿಂದ ಎದ್ದುಬಂದ ಕಥೆಯನ್ನು ಕೇಳಿ ರಾಮನಗರದಲ್ಲಿ ಬೆಳೆದ ಹುಡುಗನಿಗೆ ತೋರಿಸುವುದಕ್ಕೆ ಊರೇ ಇಲ್ಲ. ಅವನು ಯಾವುದರ ಹೆಮ್ಮೆಯನ್ನು ಪಡಬೇಕು? ಅದೇ ಪದ್ಯಗಳನ್ನು ಸ್ಮೃತಿಯ ಪದ್ಯಗಳೆಂದು ಬೋಧಿಸಿದಲ್ಲಿ, ಸಾವಿರ ವರ್ಷಗಳ ಹಿಂದಿನ ಕವಿಯೂ ತನ್ನ ಅಜ್ಜನೂ ಒಂದೇ ಭಾವಕ್ಕೆ ಆಶ್ರಯರಾಗಿದ್ದರೆಂದು ಆ ಹುಡುಗನು ಅರಿಯುವನು. ಆಗ ಅವನು ಕವಿಯ ಅಪೇಕ್ಷೆಗೂ ಅಜ್ಜನ ನಿರಪೇಕ್ಷವಾದ ಶೋಕಕ್ಕೂ ಇರುವ ಅಂತರವನ್ನು ತಾನೇ ಗುರುತಿಸಬಲ್ಲನು. ಸಾಧಾರಣೀಕರಣವೆಂದು ಪೂರ್ವಾಚಾರ್ಯರು ಹೇಳಿದುದರ ಫಲವು ಇದೇ.